ಮಾತು ನಿಂತರೂ ಹಾಡು ನಿಲ್ಲದೇಕೆ?

ಪ್ರಶ್ನೆ: ಲಕ್ವ ಹೊಡೆದ ಮೇಲೆ ನಮ್ಮಜ್ಜಿಗೆ ‘ನೀರು ಕೊಡು’ ಎನ್ನಲೂ ಆಗುತ್ತಿಲ್ಲ. ಆದರೆ ದೇವರನಾಮ ಪೂರ್ತಿ ಹಾಡುತ್ತಾರೆ! ಹೇಗೆ?

ಉತ್ತರ: ಅಜ್ಜಿ ನಟಿಸುತ್ತಿಲ್ಲ. ಮನೆಯವರಿಗೆ ಈ ಅನುಮಾನ ಬರುವುದುಂಟು, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಹೆಚ್ಚಿನವರಲ್ಲಿ ಮಾತು ಕಟ್ಟುವ ಕೆಲಸ ಮಿದುಳಿನ ಎಡಭಾಗದ್ದು. ‘ಟಾನ್’ ಎಂಬ ಸದ್ದು ಬಿಟ್ಟರೆ ಹೆಚ್ಚೇನೂ ಆಡಲಾಗದಿದ್ದ ರೋಗಿಯೊಬ್ಬ ತೀರಿಕೊಂಡಾಗ, 1861ರಲ್ಲಿ, ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ಅವನ ಮಿದುಳು ಪರೀಕ್ಷಿಸಿದರು. ಎಡಬದಿಯ ಮುಂಭಾಗ ಹಾಳಾಗಿತ್ತು. ಅಲ್ಲಿ ಪೆಟ್ಟು ಬಿದ್ದರೆ ಹೊಸ ವಾಕ್ಯ ಹುಟ್ಟುವುದು ಕಷ್ಟ. ರಾಗಕ್ಕಾದರೋ ಬಲಭಾಗವೂ ಹೆಗಲು ಕೊಡುತ್ತದೆ. ಮೇಲಾಗಿ, ವರ್ಷಗಟ್ಟಲೆ ಹಾಡಿ ಬಾಯಿಪಾಠವಾದದ್ದನ್ನು ಪದ ಹುಡುಕಿ ಜೋಡಿಸಬೇಕಿಲ್ಲ.

1973ರಲ್ಲಿ ಬಾಸ್ಟನ್ನಿನ ತಜ್ಞರು ಇದನ್ನೇ ಚಿಕಿತ್ಸೆಯಾಗಿಸಿದರು: ಎಡಗೈಯಲ್ಲಿ ತಾಳ ಹಾಕಿಸುತ್ತ, ದಿನಬಳಕೆಯ ಪುಟ್ಟ ವಾಕ್ಯವನ್ನು ಏರಿಳಿತದ ಎರಡೇ ಸ್ವರದಲ್ಲಿ ಹಾಡಿಸಿ, ಕ್ರಮೇಣ ರಾಗ ಬಿಡಿಸುವುದು. ಎಲ್ಲರಿಗೂ ಫಲಿಸದು. ಬರೀ ದೇವರನಾಮ ಹಾಡಿಸಿದರೆ ಮಾತು ಮರಳುವುದೂ ಇಲ್ಲ. ಅಜ್ಜಿಗೆ ಬೇಕಿರುವುದು ‘ನೀರು ಕೊಡು’. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೋ ಹತ್ತಿರದ ವಾಕ್ ಚಿಕಿತ್ಸಕರಲ್ಲೋ ತೋರಿಸಿ, ತಡಮಾಡಬೇಡಿ.