ಚ್ಯಾಟರ್ ಬಂದ್ರೆ ಮಿಷನ್ ಆಫ್ ಮಾಡ್ತಾರೇನ್ರಿ?

ದಾವಣಗೆರೆಯ ನಮ್ಮ ಶಟಲ್ ಕೋರ್ಟಿನಲ್ಲಿ ಬೆಳಿಗ್ಗೆ ಆರೂವರೆಗೆ ಎರಡು ವಾಸನೆ ಗ್ಯಾರಂಟಿ. ಒಂದು ನೋವಿನ ಸ್ಪ್ರೇಯದು, ಇನ್ನೊಂದು ಬೀದಿಯಾಚೆಯ ಕಾವಲಿ ಮೇಲೆ ಬಿದ್ದ ಬೆಣ್ಣೆಯದು. ಆಡುವವರೆಲ್ಲ ನಲವತ್ತೈದು ದಾಟಿದವರು. ಒಬ್ಬರಿಗೆ ಭುಜ, ಒಬ್ಬರಿಗೆ ಸೊಂಟ, ಮೊಣಕೈಗೆ ಪಟ್ಟಿ ಸುತ್ತಿಕೊಂಡವರು ಮೂವರು. ನಾನು ಭುಜದ ಪೈಕಿ. ಇಪ್ಪತ್ತು ವರ್ಷ ಆಡಿದ ಮೇಲೆ ಬಲಭುಜ ಕೈಕೊಟ್ಟಿತು. ಸಿಕ್ಕ ಪುಕ್ಕಟೆ ಸಲಹೆಗಳನ್ನೆಲ್ಲ ಪಾಲಿಸಿ ಹತ್ತು ತಿಂಗಳು ಹಾಳು ಮಾಡಿಕೊಂಡೆ. ಆ ಸಲಹೆಗಳನ್ನೇ ಇಲ್ಲಿ ಒಂದೊಂದಾಗಿ ಬಿಚ್ಚಿಡುತ್ತಿದ್ದೇನೆ.

ತಪ್ಪು ಕಲ್ಪನೆ: ನೋವು ಪೂರ್ತಿ ಹೋಗೋವರೆಗೂ ಬ್ಯಾಟ್ ಮುಟ್ಟಬಾರದು.

ವಾಸ್ತವ: ಹತ್ತರಲ್ಲಿ ನಾಲ್ಕು ತಿಂಗಳು ಹೋದದ್ದು ಇದಕ್ಕೇ. ಮಾಂಸಖಂಡವನ್ನು ಮೂಳೆಗೆ ಕಟ್ಟಿಹಾಕುವ ಸ್ನಾಯುರಜ್ಜು ಅಳತೆಯಲ್ಲಿ ಕೆಲಸ ಕೊಟ್ಟರೆ ಗಟ್ಟಿಯಾಗುತ್ತದೆ, ಸುಮ್ಮನೆ ಕೂರಿಸಿದರೆ ಸೊರಗುತ್ತದೆ. ನಾಲ್ಕು ತಿಂಗಳು ಬಿಟ್ಟವನು ಮೊದಲ ದಿನವೇ ಹಳೇ ಜೋರಿನಲ್ಲಿ ಬೀಸಿದೆ. ಸಂಜೆಗೆ ಅಂಗಿ ತೋಳಿನೊಳಗೆ ಕೈ ತೂರಿಸಲೂ ಆಗಲಿಲ್ಲ.

ಕಣ್ಣು ತೆರೆಸಿದವರು ವೈದ್ಯರಲ್ಲ, ಹರಿಹರದಿಂದ ಬರುವ ಗೆಳೆಯರೊಬ್ಬರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಅವರ ಮಾತು ಇನ್ನೂ ಲೇತಿನದೇ. "ನೋಡ್ರಿ, ಜಾಬ್ ತಿರುಗೋವಾಗ ಟೂಲ್ ಗಡಗಡ ನಡುಗುತ್ತಲ್ಲ, ಅದಕ್ಕೆ ಚ್ಯಾಟರ್ ಅಂತೀವಿ. ಚ್ಯಾಟರ್ ಬಂತು ಅಂತ ಮಿಷನ್ ಆಫ್ ಮಾಡಿ ಮನೆಗೆ ಹೋಗ್ತಾರೇನ್ರಿ? ಸ್ಪೀಡ್ ಇಳಿಸ್ತೀವಿ, ಕಟ್ ಕಡಿಮೆ ಮಾಡ್ತೀವಿ, ಟೂಲ್ ಭಾಳ ಹೊರಗೆ ಚಾಚಿದ್ರೆ ಒಳಗೆ ಎಳೆದು ಬಿಗಿ ಮಾಡ್ತೀವಿ."

ಮೂರೂ ಭುಜಕ್ಕೆ ಹಾಗೇ ಒಪ್ಪುತ್ತವೆ. ಸ್ಪೀಡ್ ಇಳಿಸುವುದೆಂದರೆ ಸ್ಮ್ಯಾಶ್ ಬಿಟ್ಟು ಡ್ರಾಪ್ ಹಾಕುವುದು. ಕಟ್ ಕಡಿಮೆ ಮಾಡುವುದೆಂದರೆ ಐದು ಗೇಮಿನ ಜಾಗದಲ್ಲಿ ಎರಡು ಆಡಿ ಕೂರುವುದು. ಎಷ್ಟು ಆಡಬಹುದು ಎನ್ನುವುದನ್ನು ಮರುದಿನದ ಬೆಳಗು ಹೇಳುತ್ತದೆ: ಆಡುವಾಗ ಬಂದ ಸಣ್ಣ ನೋವು ಅಷ್ಟರಲ್ಲಿ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಆ ಲೋಡು ಮೈಗೆ ಒಗ್ಗಿದೆ, ಏರಿದ್ದರೆ ಇನ್ನೂ ಇಳಿಸಬೇಕು. ಮೂರನೆಯದು, ಚಾಚಿದ ಟೂಲು, ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ.

ತಪ್ಪು ಕಲ್ಪನೆ: ತೋಳು ಕಿವಿಗೆ ತಾಗುವಷ್ಟು ನೆಟ್ಟಗೆ ಎತ್ತಿ ಹೊಡೆದರೇ ಅದು ಸರಿಯಾದ ಸ್ಟ್ರೋಕ್.

ವಾಸ್ತವ: ಒಳ್ಳೆಯ ಆಟಗಾರರ ಫೋಟೋ ನಿಲ್ಲಿಸಿ ನೋಡಿ. ಬ್ಯಾಟು ಆಕಾಶದಲ್ಲಿರುತ್ತದೆ, ನಿಜ. ಆದರೆ ಮೇಲ್ತೋಳು ಹೆಚ್ಚುಕಡಿಮೆ ಎರಡು ಭುಜಗಳ ಗೆರೆಯಲ್ಲೇ ಇರುತ್ತದೆ. ಎತ್ತರ ಬಂದದ್ದು ಮೈ ಓರೆಯಾದದ್ದರಿಂದ: ಎಡಭುಜ ಕೆಳಗಿಳಿದಿದೆ, ಬಲಭುಜ ಮೇಲೆದ್ದಿದೆ. ನಾವು ಮಾಡುವುದು ಇದಕ್ಕೆ ಉಲ್ಟಾ. ಮೈ ಕಂಬದಂತೆ ನಿಲ್ಲಿಸಿ ತೋಳೊಂದನ್ನೇ ಮೇಲಕ್ಕೆ ಕೀಳುತ್ತೇವೆ. ಭುಜದ ಗುಂಡಿಯ ಸುತ್ತಲಿನ ನಾಲ್ಕು ಪುಟ್ಟ ಮಾಂಸಖಂಡಗಳು ಆ ಕೋನದಲ್ಲಿ, ಆ ವೇಗದಲ್ಲಿ ಪಾಪ ಎಷ್ಟಂತ ಹಿಡಿದಾವು?

ಕಾಕ್ ತಲೆಯ ಹಿಂದೆ ಹೋದ ಮೇಲೆ ಕೈ ಚಾಚಿ ಹೊಡೆಯುವುದಂತೂ ಲೇತಿನವರ ಭಾಷೆಯಲ್ಲಿ ಶುದ್ಧ ಓವರ್‌ಹ್ಯಾಂಗ್. ಎರಡು ಹೆಜ್ಜೆ ಮೊದಲೇ ಹಿಂದೆ ಸರಿದು, ಕಾಕನ್ನು ಮುಖದ ಮುಂದೆ ಬಿಟ್ಟುಕೊಂಡು, ಮೊಣಕೈ ಮಡಚಿದ್ದಲ್ಲಿಂದ ಮುಂಗೈ ತಿರುವಿ ಹೊಡೆದರೆ ಅರ್ಧ ನೋವು ಅಲ್ಲೇ ಕಳೆಯುತ್ತದೆ. ಭುಜದ ಮದ್ದು ಪಾದದಲ್ಲಿದೆ ಎಂದು ನನಗೆ ಐವತ್ತೆರಡರಲ್ಲಿ ಗೊತ್ತಾಯಿತು.

ತಪ್ಪು ಕಲ್ಪನೆ: ಸ್ಮ್ಯಾಶ್ ಬಿಟ್ಟರೆ ಆಟದಲ್ಲಿ ಉಳಿಯೋದೇನು?

ವಾಸ್ತವ: 1980ರ ಆಲ್ ಇಂಗ್ಲೆಂಡ್ ಫೈನಲ್ ಉಳಿಯುತ್ತದೆ. ಆಚೆ ಜಂಪ್ ಸ್ಮ್ಯಾಶ್‌ಗೆ ಹೆಸರಾದ ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್, ಈಚೆ ನಮ್ಮ ಪ್ರಕಾಶ್ ಪಡುಕೋಣೆ. 15-3, 15-10. ಪ್ರಕಾಶ್ ಗೆದ್ದದ್ದು ತೋಳಿನ ಜೋರಿನಿಂದಲ್ಲ, ವೇಗ ಕೊಂದು ಕಾಕನ್ನು ಬೇಕಾದ ಮೂಲೆಗೆ ಇಳಿಸುವ ಕೈಚಳಕದಿಂದ.

ದೇಹದ ಮಿತಿಯ ಮಾತು ಬಂದರೆ ಹಾಸನದಲ್ಲಿ ಹುಟ್ಟಿದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಇದ್ದಾರೆ. ಪಾದದ ಊನದೊಂದಿಗೇ ಎಸ್‌ಎಲ್4 ವಿಭಾಗದಲ್ಲಿ ಪೂರ್ತಿ ಕೋರ್ಟ್ ಆಡಿ ಟೋಕಿಯೋ, ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಳ್ಳಿ ತಂದವರು. ಕೋಚಿಂಗ್ ಪುಸ್ತಕದ ಚಿತ್ರಕ್ಕೆ ಅವರ ಕಾಲು ಹೊಂದಬೇಕಾಗಿಲ್ಲ, ಕಾಲಿಗೆ ಆಟ ಹೊಂದಿದರೆ ಸಾಕು.

ತಪ್ಪು ಕಲ್ಪನೆ: ಸೊಂಟ ನೋವಿದ್ದರೆ ಸೊಂಟ ಅಲ್ಲಾಡಿಸದೆ ಮೈಯ ಮೇಲ್ಭಾಗ ಮಾತ್ರ ತಿರುಗಿಸಿ ಹೊಡೆಯಬೇಕು.

ವಾಸ್ತವ: ಬೀಸುವ ಆಟಗಳಲ್ಲಿ ಸೊಂಟದ ಗೋಳನ್ನು ಎಲ್ಲರಿಗಿಂತ ಹೆಚ್ಚು ತಲೆಗೆ ಹಚ್ಚಿಕೊಂಡದ್ದು ಗಾಲ್ಫ್. ಸೊಂಟವನ್ನು ಬಿಗಿಹಿಡಿದು ಭುಜಗಳನ್ನಷ್ಟೇ ಹಿಂಡಿದರೆ ತಿರುಚಿನ ಭಾರವೆಲ್ಲ ಕೆಳಬೆನ್ನಿಗೆ ಬೀಳುತ್ತದೆ. 18 ಮೇಜರ್ ಗೆದ್ದ ಜ್ಯಾಕ್ ನಿಕ್ಲಾಸ್ ಕೋಲು ಹಿಂದೆ ಎತ್ತುವಾಗ ಎಡ ಹಿಮ್ಮಡಿ ಏಳಲು ಬಿಡುತ್ತಿದ್ದರು; ಹಿಮ್ಮಡಿ ಎದ್ದರೆ ಸೊಂಟವೂ ಜೊತೆಗೆ ತಿರುಗುತ್ತದೆ, ಬೆನ್ನು ಉಸಿರಾಡುತ್ತದೆ. ಟೈಗರ್ ವುಡ್ಸ್ 2017ರಲ್ಲಿ ಬೆನ್ನೆಲುಬಿನ ಫ್ಯೂಷನ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, 2019ರಲ್ಲಿ ಮಾಸ್ಟರ್ಸ್ ಗೆದ್ದರು. ನಮಗೆ ಇಷ್ಟು ಸಾಕು: ಹೊಡೆಯುವ ಮುಂಚೆ ಬಲಗಾಲು ಹಿಂದಿಟ್ಟು ಇಡೀ ಮೈ ಪಕ್ಕಕ್ಕೆ ತಿರುಗಲಿ. ನೆಲಕ್ಕೆ ಅಂಟಿದ ಪಾದದ ಮೇಲೆ ಬೆನ್ನೊಂದನ್ನೇ ಬಟ್ಟೆ ಹಿಂಡಿದಂತೆ ಹಿಂಡಬೇಡಿ.

ತಪ್ಪು ಕಲ್ಪನೆ: ಎಂಆರ್‌ಐನಲ್ಲಿ ಡಿಸ್ಕ್ ಉಬ್ಬಿದೆ ಅಂತ ಬಂದಿದೆ, ಆಟ ಮುಗೀತು.

ವಾಸ್ತವ: ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಅಧ್ಯಯನದ ಪ್ರಕಾರ, ಐವತ್ತರ ವಯಸ್ಸಿನವರಲ್ಲಿ ಶೇ. 60ರಷ್ಟು ಮಂದಿಯ ಡಿಸ್ಕ್ ಉಬ್ಬಿರುತ್ತದೆ. ಬಹುಪಾಲು ಅದು ಒಳಗಿನ ನರೆಗೂದಲು. ಆದರೆ ಕಾಲಿಗೆ ಜೋಮು ಹಿಡಿದರೆ, ಶಕ್ತಿ ಕುಂದಿದರೆ, ಮೂತ್ರ ಹಿಡಿತ ತಪ್ಪಿದರೆ ಆ ಲೆಕ್ಕ ಬೇರೆ, ತಡಮಾಡದೆ ಆಸ್ಪತ್ರೆ. ಆಡುವಾಗ ಎದೆ ಹಿಡಿದು ಎಡತೋಳಿಗೆ ಇಳಿಯುವ ನೋವನ್ನು ಯಾರೂ ಭುಜದ ಖಾತೆಗೆ ಹಾಕಬಾರದು.

ತಪ್ಪು ಕಲ್ಪನೆ: ಟೆನ್ನಿಸ್ ಎಲ್ಬೋಗೆ ಒಂದು ಇಂಜೆಕ್ಷನ್ ಸಾಕು.

ವಾಸ್ತವ: ಮೊದಲ ಕೆಲವು ವಾರ ಹಾಯೆನಿಸುತ್ತದೆ. 2013ರಲ್ಲಿ ಪ್ರಕಟವಾದ, ಆಸ್ಟ್ರೇಲಿಯಾದ 165 ಜನರ ಅಧ್ಯಯನದಲ್ಲಿ ಸ್ಟೀರಾಯ್ಡ್ ಚುಚ್ಚಿಸಿಕೊಂಡವರಿಗೇ ವರ್ಷದೊಳಗೆ ನೋವು ಮರುಕಳಿಸಿದ್ದು ಹೆಚ್ಚು. ಅದಕ್ಕಿಂತ ಬ್ಯಾಟಿನ ಹಿಡಿ ಸಡಿಲಿಸಿ. ಹೊಡೆಯುವ ಕ್ಷಣ ಬಿಟ್ಟು ಉಳಿದ ಹೊತ್ತು ಬೆರಳುಗಳು ಕೋಳಿಮರಿ ಹಿಡಿದಷ್ಟೇ ಹಗುರವಿರಲಿ. ಟಿವಿ ನೋಡಿ 28 ಪೌಂಡ್ ಬಿಗಿಸಿದ ಗಟ್ಟನ್ನು 21-22ಕ್ಕೆ ಇಳಿಸಿ. ಸಡಿಲ ಗಟ್ಟೇ ಕಾಕನ್ನು ಚಿಮ್ಮಿಸಿ ಕಳಿಸುತ್ತದೆ, ಮೊಣಕೈ ಕುಲುಕುವುದೂ ಕಡಿಮೆ.

ತಪ್ಪು ಕಲ್ಪನೆ: ಆಡಿದ ಮೇಲೆ ಎರಡು ಬೆಣ್ಣೆ ದೋಸೆ ಲೆಕ್ಕಕ್ಕಿಲ್ಲ.

ವಾಸ್ತವ: ದಾವಣಗೆರೆಯಲ್ಲಿ ಇದನ್ನು ಬರೆದು ಬದುಕುವುದು ಕಷ್ಟ. ಆದರೂ ಶುಗರ್ ಇರುವವರಿಗೆ ಫ್ರೋಜನ್ ಶೋಲ್ಡರ್ ಬರುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಬೇರೆಯವರು ಹಿಡಿದು ಎತ್ತಿದರೂ ತೋಳು ಏಳದಿದ್ದರೆ ಅದು ಬರೀ ಉಳುಕಲ್ಲ, ಸ್ಟ್ರೋಕ್ ತಿದ್ದಿದರೆ ಸರಿಹೋಗುವುದೂ ಅಲ್ಲ. ರಕ್ತ ಪರೀಕ್ಷೆ ಮಾಡಿಸಿ, ಫಿಸಿಯೋ ಹತ್ತಿರ ಹೋಗಿ.

ನಾನೀಗ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎರಡು ಗೇಮ್. ಮೊನ್ನೆ ಹತ್ತೊಂಬತ್ತು-ಹತ್ತೊಂಬತ್ತರಲ್ಲಿ ಕಾಕ್ ಎತ್ತರಕ್ಕೆ, ತಲೆಯ ಹಿಂದಕ್ಕೆ ಬಂತು. ಹಳೇ ಚಪಲ, ನಿಂತಲ್ಲೇ ಕೈ ಚಾಚಿದೆ. ಬ್ಯಾಟಿಗೆ ಕಾಕ್ ತಾಗುವ ಮೊದಲೇ ನೆಟ್ಟಿನಾಚೆಯಿಂದ ಹರಿಹರದ ದನಿ ಕೇಳಿತು: "ಓವರ್‌ಹ್ಯಾಂಗ್ ಆತ್ರೀ!"