ಪ್ರಾಣಿ ಸಂಶೋಧನೆಗೆ ಒಂದು ಮುಕ್ತ ಪತ್ರಿಕೆ

ನೀಲಗಿರಿಯ ಶೋಲಾ ಕಾಡಿನ ಕಪ್ಪೆಯನ್ನು ಕುರಿತ ಸಂಶೋಧನ ಲೇಖನವನ್ನು ಆ ಕಾಡಿನ ಮಗ್ಗುಲಲ್ಲೇ ಇರುವ ಶಾಲೆಯ ಶಿಕ್ಷಕರು ಓದಲಾಗದಂತಹ ಸ್ಥಿತಿ ಬಹುಕಾಲ ಸಹಜವೆನಿಸಿತ್ತು. ಇಂತಹ ಸಂಶೋಧನೆಯ ವೆಚ್ಚ ಅನೇಕ ವೇಳೆ ಸರಕಾರದ್ದು. ಲೇಖಕರಿಗಾಗಲಿ, ಲೇಖನವನ್ನು ಪರಿಶೀಲಿಸುವ ತಜ್ಞರಿಗಾಗಲಿ ಸಾಮಾನ್ಯವಾಗಿ ಸಂಭಾವನೆಯಿಲ್ಲ. ಆದರೂ ಪತ್ರಿಕೆಯ ಚಂದಾ ಮಾತ್ರ ವಿಶ್ವವಿದ್ಯಾಲಯಗಳಿಗೂ ಭಾರವಾಗುವಷ್ಟು. ಈ ವೈಪರೀತ್ಯಕ್ಕೆ ಪ್ರತಿಯಾಗಿ 2002ರ ಬುಡಾಪೆಸ್ಟ್ ಘೋಷಣೆಯು ‘ಮುಕ್ತ ಪ್ರವೇಶ’ ಎಂಬ ತತ್ತ್ವವನ್ನು ಮುಂದಿಟ್ಟಿತು.

ಗಡಿನಾಡಿನ ಶಿಕ್ಷಕರಿಗೆ ಇದರ ಹತ್ತಿರದ ನಿದರ್ಶನ ಕೊಯಮತ್ತೂರಿನಲ್ಲಿದೆ. ಮೈಸೂರು ಮೃಗಾಲಯದ ಒಡನಾಟದಿಂದ ಪ್ರಾಣಿಸೇವೆಗೆ ತೊಡಗಿದ ಅಮೆರಿಕದ ಸ್ಯಾಲಿ ವಾಕರ್ ಅವರು 1985ರಲ್ಲಿ ಜೂ ಔಟ್‌ರೀಚ್ ಆರ್ಗನೈಸೇಷನ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ‘ಜೂಸ್ ಪ್ರಿಂಟ್ ಜರ್ನಲ್’ 2009ರಲ್ಲಿ ‘ಜರ್ನಲ್ ಆಫ್ ಥ್ರೆಟನ್ಡ್ ಟ್ಯಾಕ್ಸಾ’ ಎಂಬ ಹೊಸ ಹೆಸರಿನಿಂದ, ಎಲ್ಲರೂ ಅಂತರಜಾಲದಲ್ಲಿ ಉಚಿತವಾಗಿ ಓದಬಹುದಾದ ಪತ್ರಿಕೆಯಾಗಿ ಹೊರಬಂದಿತು. ಅಪಾಯದಲ್ಲಿರುವ ಪ್ರಾಣಿಗಳಷ್ಟೇ ಅಲ್ಲದೆ ಸಸ್ಯಗಳೂ ಅದರ ವ್ಯಾಪ್ತಿಗೆ ಸೇರಿವೆ.

ಅಂತರಜಾಲದಲ್ಲಿ ಲೇಖನಗಳನ್ನು ಇರಿಸಿದ ಮಾತ್ರಕ್ಕೆ ಸಂಶೋಧನ ಪತ್ರಿಕೆ ಹುಟ್ಟುವುದಿಲ್ಲ. ಪ್ರತಿ ಲೇಖನವನ್ನೂ ಆಯಾ ವಿಷಯದ ತಜ್ಞರು ಪರೀಕ್ಷಿಸಬೇಕು, ದೋಷವಿದ್ದರೆ ಹಿಂದಿರುಗಿಸಬೇಕು. ಐವತ್ತು ವರ್ಷಗಳ ಅನಂತರವೂ ಲೇಖನ ದೊರೆಯುವಂತೆ ಕಾಪಿಡಬೇಕು. ಪ್ರಾಣಿಶಾಸ್ತ್ರದಲ್ಲಿ ಇನ್ನೊಂದು ತೊಡಕೂ ಇತ್ತು. ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ನಿಯಮವು 2012ರ ತಿದ್ದುಪಡಿಯವರೆಗೆ, ಕೇವಲ ಅಂತರಜಾಲದಲ್ಲಿ ಪ್ರಕಟವಾದ ಹೊಸ ಹೆಸರನ್ನು ಮಾನ್ಯಮಾಡುತ್ತಿರಲಿಲ್ಲ. ಹೀಗಾಗಿ ಓದುಗರಿಗೆ ಬೇಡವೆನಿಸಿದರೂ ಮುದ್ರಿತ ಪ್ರತಿ ಅನಿವಾರ್ಯವಾಗಿತ್ತು.

ಮುಕ್ತತೆಗೂ ಮಿತಿಯುಂಟು. ದಕ್ಷಿಣ ಚೀನದ ಗುಹಾವಾಸಿ ಹಲ್ಲಿಯೊಂದನ್ನು ವಿಜ್ಞಾನಿಗಳು 1999ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದರು. ಸಾಕುಪ್ರಾಣಿ ವ್ಯಾಪಾರಕ್ಕಾಗಿ ಹಿಡಿಯುವವರ ದಾಳಿಯಿಂದ ಕೆಲವೇ ವರ್ಷಗಳಲ್ಲಿ ಅದು ಮೊದಲು ಕಂಡ ತಾಣದಿಂದಲೇ ಕಣ್ಮರೆಯಾಯಿತು. ಆದುದರಿಂದ ವಿರಳ ಪ್ರಾಣಿಯ ನೆಲೆಯನ್ನು ಎಷ್ಟರಮಟ್ಟಿಗೆ ತಿಳಿಸಬೇಕೆಂಬುದನ್ನು ಸಂಪಾದಕರು ವಿವೇಚಿಸಬೇಕಾಗುತ್ತದೆ. ಶಾಲೆಯ ನಿಸರ್ಗ ದಿನಚರಿಯನ್ನು ಇತರರೊಡನೆ ಹಂಚಿಕೊಳ್ಳುವಾಗಲೂ ಈ ಎಚ್ಚರ ಬೇಕು. ಗೂಡಿರುವ ಮರವನ್ನು ಗುರುತಿಸಿ ಹೇಳುವ ಅಗತ್ಯವಿಲ್ಲ.

ಕನ್ನಡ ಶಿಕ್ಷಕರಿಗೆ ಉಚಿತ ಓದಿಗಿಂತಲೂ ಮುಖ್ಯವಾದುದು ಪರವಾನಗಿ. ಕೊಯಮತ್ತೂರಿನ ಪತ್ರಿಕೆ ಇಂದು ಅನುಸರಿಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯು ಅನುವಾದಕ್ಕೂ ಅವಕಾಶವೀಯುತ್ತದೆ. ಲೇಖನದ ಒಂದು ಭಾಗವನ್ನು ಸರಳ ಕನ್ನಡಕ್ಕೆ ತಂದು ಮಕ್ಕಳ ಕೈಗೆ ಕೊಡಲು ಯಾರ ಅಪ್ಪಣೆಯನ್ನೂ ಬೇಡಬೇಕಿಲ್ಲ. ಹಾಳೆಯ ಕೆಳಗೆ ಮೂಲ ಲೇಖಕರು, ಪತ್ರಿಕೆ, ವರ್ಷ ಮತ್ತು ಪರವಾನಗಿಯನ್ನು ನಮೂದಿಸಿ, ಇದು ಅನುವಾದವೆಂದು ಸೂಚಿಸಬೇಕು. ಪ್ರಾಣಿಯ ವೈಜ್ಞಾನಿಕ ಹೆಸರಿನ ಪಕ್ಕದಲ್ಲಿ ಒಂದಿಷ್ಟು ಜಾಗ ಬಿಟ್ಟರೆ, ಅದಕ್ಕೆ ತಮ್ಮ ಮನೆಯಲ್ಲಿ ಬಳಸುವ ಹೆಸರನ್ನು ಮಕ್ಕಳೇ ಬರೆದುಕೊಳ್ಳುವರು.