ಕಾರಿನ ಸೆಟ್ಟಿಗೆ ಸುಳ್ಳು ಹೇಳುವ ವಿದ್ಯೆ

ಚಳ್ಳಕೆರೆಯಿಂದ ಬಳ್ಳಾರಿ ಕಡೆ ಹೊರಟು, ತಳಕು ದಾಟಿ, ಹಾನಗಲ್ಲಿನಲ್ಲಿ ಬಲಕ್ಕೆ ಹೊರಳಿದರೆ ಮೊಳಕಾಲ್ಮೂರು. ಶೇಂಗಾ ಮೂಟೆ, ರೇಷ್ಮೆ ಸೀರೆಯ ಗಂಟು, ಮದುವೆ ದಿಬ್ಬಣ ಎಲ್ಲವೂ ಓಡಾಡುವ ದಾರಿ ಇದು. ಇಲ್ಲಿ ಕೈಯಿಂದ ಕೈಗೆ ಬಂದ ಹಳೇ ಗಾಡಿಗಳಿಗೇನೂ ಬರವಿಲ್ಲ. ಗಾಡಿಗೆ ಹದಿನೈದು ವರ್ಷವಾದರೂ ಎಂಜಿನ್ ಗಟ್ಟಿಯಾಗಿದ್ದರೆ ಯಾರೂ ಮಾರುವುದಿಲ್ಲ. ಆದರೆ ಅಷ್ಟರೊಳಗೆ ಹಾಡು ಕೇಳುವ ಸಾಧನ ನಾಲ್ಕಾರು ಜನ್ಮ ಎತ್ತಿರುತ್ತದೆ: ಕ್ಯಾಸೆಟ್, ಸಿ.ಡಿ., ಎಂಪಿತ್ರೀ ಪ್ಲೇಯರ್, ಮೆಮೊರಿ ಕಾರ್ಡು, ಈಗ ಮೊಬೈಲು. ಡ್ಯಾಶ್‌ಬೋರ್ಡಿನಲ್ಲಿ ಕಂಪನಿಯವರೇ ಕೂರಿಸಿಕೊಟ್ಟ ಸೆಟ್ ಮಾತ್ರ ಹುಟ್ಟಿದ ಕಾಲದಲ್ಲೇ ನಿಂತುಬಿಟ್ಟಿರುತ್ತದೆ.

ಕಿತ್ತು ಬೇರೆಯದು ಹಾಕಿಸಬಹುದಲ್ಲ ಎನ್ನಬಹುದು. ಹಳೇ ಗಾಡಿಗಳಲ್ಲಿ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಒಂದೇ ಅಳತೆಯ ಕಿಂಡಿ ಇರುತ್ತಿದ್ದುದರಿಂದ ಅದು ಸಲೀಸಾಗಿತ್ತು. ಆಮೇಲೆ ಬಂದ ಎಷ್ಟೋ ಕಾರುಗಳಲ್ಲಿ ಸೆಟ್ಟನ್ನು ಡ್ಯಾಶ್‌ಬೋರ್ಡಿನ ಜೊತೆಗೇ ಎರಕ ಹೊಯ್ದಂತೆ ಮಾಡಿ, ಸ್ಟೀರಿಂಗ್ ಮೇಲಿನ ಗುಂಡಿಗಳನ್ನೂ ಅದಕ್ಕೇ ಕಟ್ಟಿಹಾಕಿದ್ದಾರೆ. ಕೀಳಲು ಹೋದರೆ ಖರ್ಚೂ ಹೆಚ್ಚು, ತಲೆನೋವೂ ಹೆಚ್ಚು. ಹಾಗಾಗಿ ಉಳಿದ ದಾರಿ ಒಂದೇ, ಸೆಟ್ಟಿಗೆ ಗೊತ್ತಿರುವ ಭಾಷೆಯಲ್ಲೇ ಅದಕ್ಕೊಂದು ಸುಳ್ಳು ಹೇಳುವುದು.

ಈ ಸುಳ್ಳುಗಳಲ್ಲೆಲ್ಲ ನನಗೆ ಅತಿ ಚೆಂದ ಕಾಣುವುದು ಕ್ಯಾಸೆಟ್ ಅಡಾಪ್ಟರ್. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕ್ಯಾಸೆಟ್ಟಿನದೇ ಆಕಾರ, ಬಾಲಕ್ಕೊಂದು ವೈರು. ಒಳಗೆ ಟೇಪ್ ಇಲ್ಲವೇ ಇಲ್ಲ. ಸೆಟ್ಟಿನಲ್ಲಿ ಟೇಪ್ ಓದುವ ಹೆಡ್ಡಿಗೆ ಬೇಕಾಗಿರುವುದು ಟೇಪಲ್ಲ, ತನ್ನ ಮುಂದೆ ಏರಿಳಿಯುವ ಕಾಂತಕ್ಷೇತ್ರ. ಟೇಪಿನ ಮೇಲಿನ ಕಾಂತೀಯ ಕಣಗಳು ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಿ ಹರಿದು ಒದಗಿಸುವುದೂ ಅದನ್ನೇ. ಅಡಾಪ್ಟರಿನಲ್ಲಿ ಹೆಡ್ಡಿಗೆ ಎದುರಾಗಿ ಇನ್ನೊಂದು ಪುಟ್ಟ ಹೆಡ್ಡು ಕೂತಿರುತ್ತದೆ. ಫೋನಿನಿಂದ ಬಂದ ಕರೆಂಟು ಅದರ ಸುರುಳಿಯಲ್ಲಿ ಹರಿದು ಅಂಥದೇ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಸೆಟ್ ಟೇಪ್ ಓಡುತ್ತಿದೆ ಎಂದೇ ನಂಬುತ್ತದೆ. ಚಕ್ರ ತಿರುಗದಿದ್ದರೆ ಟೇಪ್ ಮುಗಿಯಿತೆಂದು ಕ್ಯಾಸೆಟ್ಟನ್ನು ಉಗುಳುವ ಸೆಟ್ಟುಗಳಿಗಾಗಿ ಒಳಗೆ ಸುಮ್ಮನೆ ತಿರುಗುವ ಹಲ್ಲುಚಕ್ರಗಳನ್ನೂ ಇಟ್ಟಿರುತ್ತಾರೆ. ಅಡಾಪ್ಟರ್ ಕಟಕಟ ಎಂದು ಸದ್ದು ಮಾಡಿದರೆ ಅದು ಹಾಡಿನ ದೋಷವಲ್ಲ, ಆ ಚಕ್ರಗಳದು. ದನಿ ಮಂಕಾಗಿದ್ದರೆ ಎರಡು ಹೆಡ್ಡುಗಳು ನೇರ ಕೂತಿಲ್ಲವೆಂದು ಅರ್ಥ; ಹೆಡ್ಡಿಗೆ ಹತ್ತಿದ ಕೊಳೆಯನ್ನು ಒರೆಸಿ, ಕ್ಯಾಸೆಟ್ಟನ್ನು ಮತ್ತೊಮ್ಮೆ ಕೂರಿಸಿ ನೋಡಬೇಕು.

ಕ್ಯಾಸೆಟ್ ಬಾಯಿಯೂ ಇಲ್ಲದ, ಬರೀ ರೇಡಿಯೊ ಮತ್ತು ಸಿ.ಡಿ. ಇರುವ ಸೆಟ್ಟುಗಳಿಗೆ ಎಫ್‌ಎಂ ಟ್ರಾನ್ಸ್‌ಮಿಟರ್ ಇದೆ. ಸಿಗರೇಟ್ ಲೈಟರಿನ ತೂತಿಗೆ ಚುಚ್ಚುವ ಈ ಬೆರಳುದ್ದದ ವಸ್ತು ಒಂದು ಪೂರಾ ರೇಡಿಯೊ ಕೇಂದ್ರ. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಪೇಟೆಂಟ್ ಪಡೆದ ತಂತ್ರವೇ ಇದರೊಳಗಿದೆ: ಹಾಡಿನ ಏರಿಳಿತಕ್ಕೆ ತಕ್ಕಂತೆ ರೇಡಿಯೊ ಅಲೆಯ ಆವರ್ತನ ಚೂರುಚೂರೇ ಆಚೀಚೆ ಸರಿಯುತ್ತದೆ. ಶಕ್ತಿಯನ್ನು ಬೇಕೆಂದೇ ತೀರಾ ಕಡಿಮೆ ಇಟ್ಟಿರುತ್ತಾರೆ, ಹಿಂದೆ ಬರುವ ಲಾರಿಯವನಿಗೆ ನಿಮ್ಮ ಹಾಡು ಕೇಳಬಾರದಲ್ಲ.

ಈ ಸಾಧನ ಬೆಂಗಳೂರಿನಲ್ಲಿ ಒದ್ದಾಡುತ್ತದೆ. ಅಲ್ಲಿ 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಖಾಸಗಿ ಕೇಂದ್ರಗಳ ಸಂತೆಯೇ ನೆರೆದಿದೆ. ಮೊಳಕಾಲ್ಮೂರಿನ ದಾರಿಯಲ್ಲಿ ಪಟ್ಟಿಯ ಬಹುಪಾಲು ಬಯಲು. ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣೋಟದ ನೇರಕ್ಕೇ ಸಾಗುವುದರಿಂದ, ದೂರದ ಕೇಂದ್ರಗಳಿಗೆ ಇಲ್ಲಿನ ಬಂಡೆಗುಡ್ಡಗಳೂ ಅಡ್ಡ ನಿಲ್ಲುತ್ತವೆ. ಊರಲ್ಲಿ ರೇಡಿಯೊ ಸರಿಯಾಗಿ ಹಿಡಿಯುವುದಿಲ್ಲ ಎಂಬ ಕೊರತೆಯೇ ಇಲ್ಲಿ ಅನುಕೂಲವಾಯಿತು ನೋಡಿ.

ಆದರೂ ಒಂದು ಎಚ್ಚರ ಬೇಕು. ಎಫ್‌ಎಂ ರಿಸೀವರಿಗೆ ಒಂದು ವಿಚಿತ್ರ ಗುಣವಿದೆ. ಒಂದೇ ಆವರ್ತನದಲ್ಲಿ ಎರಡು ಸಿಗ್ನಲ್ ಬಂದರೆ ಅದು ಎರಡನ್ನೂ ಬೆರೆಸಿ ಕೊಡುವುದಿಲ್ಲ. ಬಲವಾದದ್ದನ್ನು ಹಿಡಿದು ಇನ್ನೊಂದನ್ನು ಹೆಚ್ಚುಕಡಿಮೆ ಪೂರ್ತಿ ಮುಳುಗಿಸಿಬಿಡುತ್ತದೆ. ಚಳ್ಳಕೆರೆಯಲ್ಲಿ ಖಾಲಿ ಕಂಡ ಜಾಗ ರಾಯದುರ್ಗದ ಕಡೆ ಹೋದಾಗಲೂ ಖಾಲಿ ಇರಬೇಕೆಂದಿಲ್ಲ. ಆಂಧ್ರದ ಯಾವುದಾದರೂ ಕೇಂದ್ರ ಅದೇ ಜಾಗದಲ್ಲಿದ್ದರೆ ನಿಮ್ಮ ರಾಜ್‌ಕುಮಾರ್ ಹಾಡಿನ ನಡುವೆ ತೆಲುಗು ವಾರ್ತೆ ಧುತ್ತೆಂದು ಬಂದು, ಗಾಡಿ ನಾಲ್ಕು ಮಾರು ಮುಂದೆ ಹೋಗುತ್ತಲೇ ಮಾಯವಾಗಬಹುದು. ಒಳ್ಳೇ ಜಾಗ ಹುಡುಕುವ ಬಗೆ ಸುಲಭ. ಟ್ರಾನ್ಸ್‌ಮಿಟರ್ ಆರಿಸಿ, ಸೆಟ್ಟಿನಲ್ಲಿ ಬರೀ ಸುಯ್‌ ಎನ್ನುವ ತಾಣಕ್ಕೆ ಬನ್ನಿ. ಅಕ್ಕಪಕ್ಕದಲ್ಲೂ ಯಾವ ಕೇಂದ್ರದ ಸೊಲ್ಲೂ ಇರಬಾರದು. ಈಗ ಟ್ರಾನ್ಸ್‌ಮಿಟರನ್ನು ಅದೇ ಆವರ್ತನಕ್ಕೆ ಹೊಂದಿಸಿ ಹಚ್ಚಿ, ಹಾಡು ಮಾತ್ರ ಹಾಕಬೇಡಿ. ಸುಯ್‌ ಸದ್ದು ಗಕ್ಕನೆ ಅಡಗಿದರೆ ಸೆಟ್ ನಿಮ್ಮ ಅಲೆಯನ್ನು ಹಿಡಿದಿದೆ. ಸದ್ದು ಅರೆಬರೆ ಉಳಿದರೆ ಏರಿಯಲ್ ದೂರವಿದೆಯೆಂದು ತಿಳಿಯಬೇಕು. ಏರಿಯಲ್ ಇರುವುದು ತಗಡಿನ ಮೈಯ ಹೊರಗೆ, ಟ್ರಾನ್ಸ್‌ಮಿಟರ್ ಇರುವುದು ಒಳಗೆ. ಅಲೆ ಹೆಚ್ಚಾಗಿ ಗಾಜಿನ ಮೂಲಕವೇ ಹೊರಬೀಳಬೇಕು. ಇಷ್ಟೆಲ್ಲ ಮಾಡಿದರೂ ಎಫ್‌ಎಂ ದಾರಿಯಲ್ಲಿ 15 ಕಿಲೋಹರ್ಟ್ಸ್‌ಗಿಂತ ಮೇಲಿನ ಸ್ವರ ದಾಟುವುದಿಲ್ಲ. ಡೀಸೆಲ್ ಗಾಡಿಯ ಗದ್ದಲದಲ್ಲಿ ಅದನ್ನು ಗುರುತಿಸುವ ಕಿವಿ ಯಾರಿಗಿದೆ, ಅದು ಬೇರೆ ಮಾತು.

ಆಕ್ಸ್ ತೂತು ಇದ್ದರೆ ಸುಳ್ಳಿನ ಗೊಡವೆಯೇ ಇಲ್ಲ. 3.5 ಮಿ.ಮೀ. ಪಿನ್ನಿನ ವೈರು ಚುಚ್ಚಿದರಾಯಿತು. ಆದರೆ ನಮ್ಮ ಕಡೆ ಡ್ರೈವರುಗಳು ಹೆಚ್ಚು ಗೊಣಗುವುದೂ ಇದರ ಬಗ್ಗೆಯೇ: ‘ಚಾರ್ಜಿಗೆ ಹಾಕಿದರೆ ಕುಂಯ್‌ ಅಂತದೆ, ಆಕ್ಸಿಲರೇಟರ್ ತುಳಿದರೆ ಇನ್ನೂ ಜೋರು ಕಿರುಚ್ತದೆ.’ ಸೆಟ್ ಕೆಟ್ಟಿದೆಯೆಂದು ಬಿಚ್ಚಿಸಿದವರೂ ಉಂಟು. ಕೆಟ್ಟಿರುವುದಿಲ್ಲ.

ಆ ಕಿರುಚಾಟ ಆಲ್ಟರ್ನೇಟರಿನದು. ಬ್ಯಾಟರಿ ಚಾರ್ಜ್ ಮಾಡುವ ಆ ಯಂತ್ರ ಮೂರು ಫೇಸಿನ ಎ.ಸಿ. ಹುಟ್ಟಿಸಿ, ಡಯೋಡುಗಳಿಂದ ಅದನ್ನು ಡಿ.ಸಿ. ಮಾಡುತ್ತದೆ. ಹಾಗೆ ಬಂದ ಡಿ.ಸಿ. ನುಣುಪಾಗಿರದೆ ಸಣ್ಣ ಅಲೆಗಳಿಂದ ಕೂಡಿರುತ್ತದೆ. ಲೆಕ್ಕ ಹಾಕೋಣ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಬೆಲ್ಟಿನ ದೆಸೆಯಿಂದ ಆಲ್ಟರ್ನೇಟರ್ ಎರಡೂವರೆ ಪಟ್ಟು, ಅಂದರೆ 2000 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಆರು ಜೊತೆ ಧ್ರುವಗಳಿದ್ದರೆ ಸುತ್ತಿಗೆ 36 ಅಲೆ, ಸೆಕೆಂಡಿಗೆ 1200. ಆಕ್ಸಿಲರೇಟರ್ ತುಳಿದು ಎಂಜಿನ್ನನ್ನು 2000ಕ್ಕೆ ಏರಿಸಿದರೆ ಅದೇ ಅಲೆ 3000 ಹರ್ಟ್ಸ್. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವುದು ಸರಿಯಾಗಿ ಆ ಆಸುಪಾಸಿನಲ್ಲೇ!

ಅದು ಹಾಡಿನೊಳಕ್ಕೆ ನುಗ್ಗುವುದು ಅರ್ತ್ ದಾರಿಯಲ್ಲಿ. ಕಾರಿನ ಇಡೀ ಮೈಯೇ ಬ್ಯಾಟರಿಯ ನೆಗೆಟಿವ್. ಫೋನು ಚಾರ್ಜರಿನ ಮೂಲಕ ಒಂದು ಕಡೆ, ಆಕ್ಸ್ ವೈರಿನ ಮೂಲಕ ಸೆಟ್ಟಿನ ಹತ್ತಿರ ಇನ್ನೊಂದು ಕಡೆ, ಹೀಗೆ ಎರಡು ಕಡೆ ಆ ಮೈಗೆ ತಾಗುತ್ತದೆ. ಒಂದೇ ಹೊಲಕ್ಕೆ ಎರಡು ತೂಬು ತೆಗೆದಂತೆ. ಮಟ್ಟದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹರಿವು ಶುರುವಾಗುತ್ತದೆ. ಆಕ್ಸ್ ವೈರಿನಲ್ಲಿ ಹಾಡಿನ ವೋಲ್ಟೇಜೇ ಒಂದು ವೋಲ್ಟಿನ ಮೂರನೇ ಒಂದರಷ್ಟಿರುವಾಗ ಕೆಲವೇ ಮಿಲಿವೋಲ್ಟಿನ ಕಳ್ಳ ಹರಿವೂ ಸ್ಪೀಕರಿನಲ್ಲಿ ಕೇಳಿಸುತ್ತದೆ. ಚಾರ್ಜರ್ ಕಿತ್ತರೆ ಒಂದು ದಾರಿ ಮುಚ್ಚಿ, ಕಿರುಚಾಟ ನಿಲ್ಲುತ್ತದೆ. ಚಾರ್ಜೂ ಬೇಕು, ಹಾಡೂ ಬೇಕು ಎನ್ನುವವರು ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿಕೊಳ್ಳಬೇಕು. ಒಳಗಿರುವುದು ಎರಡು ಪುಟಾಣಿ ಟ್ರಾನ್ಸ್‌ಫಾರ್ಮರು, ಎಡಕ್ಕೊಂದು ಬಲಕ್ಕೊಂದು. ಹಾಡು ಕಾಂತಕ್ಷೇತ್ರವಾಗಿ ದಾಟುತ್ತದೆ, ತಂತಿ ತಂತಿಗೆ ತಾಗುವುದಿಲ್ಲ. ಜೊತೆಗೆ ಫೋನಿನ ವಾಲ್ಯೂಮನ್ನು ಮುಕ್ಕಾಲಿಗಿಂತ ತುಸು ಮೇಲಿಟ್ಟು ಸೆಟ್ಟಿನದನ್ನು ತಗ್ಗಿಸಿ. ವೈರಿನಲ್ಲಿ ಸೇರುವ ಗಲೀಜನ್ನೂ ಸೆಟ್ ಹಾಡಿನ ಜೊತೆಗೇ ಹಿಗ್ಗಿಸುತ್ತದೆ.

ಬ್ಲೂಟೂತ್ ಇದ್ದೂ ಹಾಡು ಬಾರದ ಸೆಟ್ಟುಗಳಿವೆ. ಕರೆ ಬಂದರೆ ಸ್ಪೀಕರಿನಲ್ಲಿ ಮಾತು, ಹಾಡು ಹಾಕಿದರೆ ಫೋನಿನಲ್ಲೇ ದನಿ. ಬ್ಲೂಟೂತಿನಲ್ಲಿ ಕರೆಯ ಒಪ್ಪಂದ ಬೇರೆ, ಸಂಗೀತದ ಒಪ್ಪಂದ ಬೇರೆ. ಹಳೇ ಸೆಟ್ಟುಗಳಿಗೆ ಮೊದಲನೆಯದು ಮಾತ್ರ ಗೊತ್ತು. ಕೆಲವು ಆಪ್‌ಗಳು ಹಾಡನ್ನೂ ಕರೆಯೆಂದು ನಂಬಿಸಿ ಆ ಕಿಂಡಿಯಲ್ಲೇ ತೂರಿಸುತ್ತವೆ. ಆದರೆ ಹಳೇ ಕರೆಯ ದಾರಿಯಲ್ಲಿ ದನಿಯ ಮಾದರಿ ತೆಗೆಯುವುದು ಸೆಕೆಂಡಿಗೆ 8000 ಸಲ ಮಾತ್ರ, ಆದ್ದರಿಂದ 4 ಕಿಲೋಹರ್ಟ್ಸ್‌ ಮೇಲಿನದೆಲ್ಲ ಸೋರಿಹೋಗುತ್ತದೆ. ನಮ್ಮದು ಜನಪದ ಹಾಡುಗಾರ್ತಿ, ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಬಾಳಿದ ಸೀಮೆ. ಪಕ್ಕವಾದ್ಯವಿಲ್ಲದ ಸೋಬಾನೆ ಪದವಾದರೆ ಆ ಕಿಂಡಿಯಲ್ಲೂ ಮಾತು ತಿಳಿಯುವಷ್ಟು ಕೇಳುತ್ತದೆ. ತಾಳದ ಝಣತ್ಕಾರ ಮಾತ್ರ ಅದರಲ್ಲಿ ಹಿಡಿಸುವುದಿಲ್ಲ.

ಇನ್ನು ಯು.ಎಸ್.ಬಿ. ತೂತು. ಫೋನನ್ನು ಅದಕ್ಕೆ ಚುಚ್ಚಿದರೆ ಬರೀ ಚಾರ್ಜ್ ಆಗುತ್ತದೆ. ಸೆಟ್ ಎದುರು ನೋಡುವುದು ಪೆನ್ ಡ್ರೈವಿನಂಥ ಸರಳ ಭಂಡಾರವನ್ನು, ಈಗಿನ ಆಂಡ್ರಾಯ್ಡ್ ಫೋನು ಹಾಗೆ ತನ್ನನ್ನು ತೆರೆದಿಡುವುದಿಲ್ಲ. ಪೆನ್ ಡ್ರೈವನ್ನೂ ಫ್ಯಾಟ್32 ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿರಬೇಕು, ಇಲ್ಲದಿದ್ದರೆ ಹಳೇ ಸೆಟ್ ‘ಏನೂ ಇಲ್ಲ’ ಎಂದುಬಿಡುತ್ತದೆ. ಮೊಬೈಲ್ ಅಂಗಡಿಯಲ್ಲಿ ಹಾಡು ಹಾಕಿಸಿಕೊಂಡು ಬಂದವರಿಗೆ ಕನ್ನಡದ ಹೆಸರುಗಳ ಜಾಗದಲ್ಲಿ ಬರೀ ಚೌಕಗಳು ಕಾಣುವುದುಂಟು. ಆ ಸೆಟ್ಟಿನೊಳಗೆ ಕನ್ನಡ ಅಕ್ಷರಗಳಿಲ್ಲ; ಇದ್ದರೂ ಒತ್ತಕ್ಷರವನ್ನು ಕೆಳಗೆ ಜೋಡಿಸುವ ತಂತ್ರಾಂಶ ಬೇಕು, ಅಷ್ಟು ಖರ್ಚು ಮಾಡುವ ಮನಸ್ಸು ತಯಾರಕರಿಗಿರಲಿಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುವ ವಿಷಯ. ಸದ್ಯಕ್ಕೆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವುದೇ ಗತಿ. ಹೆಸರಿನ ಮುಂದೆ 01, 02 ಎಂದು ಅಂಕಿ ಕೊಟ್ಟು, ಅದೇ ಅನುಕ್ರಮದಲ್ಲಿ ಒಂದೊಂದಾಗಿ ನಕಲು ಮಾಡಿ. ಎಷ್ಟೋ ಸೆಟ್ಟುಗಳು ಅಕಾರಾದಿಯನ್ನು ನೋಡದೆ, ಪೆನ್ ಡ್ರೈವಿಗೆ ಯಾವುದು ಮೊದಲು ಬಂತೋ ಅದನ್ನೇ ಮೊದಲು ಹಾಡುತ್ತವೆ.